ಬಟ್ಟಲಿನ ಮುಖ

ಎರಂಡವಣೆಯ ಮೂರನೇ ಮಹಡಿ. ಲಿಫ್ಟು ಕೆಟ್ಟಿತ್ತು.
ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ,
ಮೂತಿಯೆಲ್ಲ ಹೊರಗೆ ಮಾಡಿ ಇಟ್ಟದ್ದು.
ಹೋಗುವಾಗ ಸುಲಭವಾಗಲಿ ಅಂತ, ಅಂದರು ಉಜ್ವಲಾತಾಯಿ ರಾಸ್ನೆ,
ನನ್ನವನ್ನೂ ಬಾಗಿ ತಿರುಗಿಸುತ್ತ.
ಬರುವಾಗಲೇ ಬೀಳ್ಕೊಡುವ ಈ ಪದ್ಧತಿ
ಯಾಕೋ ಹಿಡಿಸಿತು.

ಸೋಫಾ ಗೋಡೆಗೆ ಒತ್ತಿ, ಚಾಪೆ ಹಾಸಿ,
ಟೀವಿಗೆ ಹಳೆಯ ಇಳಕಲ್ ಸೀರೆ ಹೊದಿಸಿ
ಹಾಲನ್ನೇ ಜಪಾನು ಮಾಡಿದ್ದರು.
ಮೂಲೆಯ ಹೂಜಿಯಲ್ಲಿ ಒಂದೇ ಒಂದು ಕಣಗಿಲೆ,
ಕೆಳಗೆ ವಾಚ್‌ಮನ್ ಆಚೆ ನೋಡುವಾಗ ಕಿತ್ತದ್ದು.
ಅದನ್ನೂ ಅವರೇ ಹೇಳಿ ನಕ್ಕರು.

ಎಲ್ಲರೂ ಹೊಸಬರೇ.
ಪಿಸುಗುಡುವ ಇಬ್ಬರು ಕಾಲೇಜು ಹುಡುಗಿಯರು.
ಚಾಕಣದ ಕಾರ್ಖಾನೆಯ ನಿಹಾರ, ಮಾತಿಗೊಮ್ಮೆ ಹಾಯ್ ಹಾಯ್
(ಅಲ್ಲಿ ಅದು ಹೌದು ಅಂತೆ).
ಸ್ಟೂಲಿನ ಮೇಲೆ ಶೇವಡೆ ಕಾಕಾ:
ಮಂಡಿ ಬದಲಿಸಿದ್ದಾರೆ, ಮಡಚಲು ಭಯ.

ಆ ಮಂಡಿ ನನಗೆ ಗೊತ್ತು.
ಎಡಗಾಲು. ಎರಡು ವರ್ಷದ ಹಿಂದೆ, ಮಂಗಳವಾರ,
ಅದರ ಒಳಗನ್ನು ಗಂಟೆಹೊತ್ತು ನೋಡಿದ್ದೇನೆ.
ಅವರಿಗೆ ನಾನು ಗೊತ್ತಿಲ್ಲ.
ಮಾಸ್ಕಿನ ಮೇಲಿನ ಎರಡು ಕಣ್ಣು ಯಾರಿಗೆ ನೆನಪಿರುತ್ತದೆ,
ಅದೂ ಅರಿವಳಿಕೆ ಏರುವ ಹೊತ್ತಿಗೆ?
ಯಾವೂರು ನಿಮ್ಮದು, ಕೇಳಿದರು. ಅಕ್ಕಲಕೋಟೆ ಅಂದೆ.
ತಟ್ಟನೆ ಕೈ ಮುಗಿದರು,
ಅಲ್ಲಿನ ಸ್ವಾಮಿಗಳಿಗೆ. ನನಗಲ್ಲ.

ತಾಯಿ ಸೊಂಟದಿಂದ ಕೆಂಪು ರೇಷ್ಮೆ ವಸ್ತ್ರ ಎಳೆದರು.
ಮೂಲೆಗೆ ಮೂಲೆ, ಅರ್ಧ, ಮತ್ತೆ ಅರ್ಧ.
ಹೊಳೆಯುವ ಬಿದಿರು ಚಮಚವನ್ನೇ ಮತ್ತೆ ಒರೆಸಿದರು.
ನಿಹಾರ ಆಕಳಿಕೆ ನುಂಗಿದ.
ನನ್ನ ತೊಡೆಯ ಮೇಲೆ ಬೆರಳು
ತಾವೇ ಏನನ್ನೋ ಮಡಚುತ್ತಿದ್ದವು:
ಇಪ್ಪತ್ತೇಳು ವರ್ಷ ಹಸಿರು ಬಟ್ಟೆ ಮಡಚಿದ ಬೆರಳು,
ಕತ್ತರಿಯ ಹಿಡಿ ಡಾಕ್ಟರರ ಅಂಗೈಗೆ,
ಚೂಪು ನನ್ನ ಕಡೆಗೆ,
ಕೇಳುವ ಮೊದಲೇ ತಿರುಗಿಸಿ ಕೊಟ್ಟ ಬೆರಳು.

ನೀರು ಕಾಯುವ ಸದ್ದು.
ಕರ್ವೆ ರಸ್ತೆಯ ಮೇಲೆ ಮೆಟ್ರೋ ಹೋದ ಸದ್ದು.
ಬಟ್ಟಲಲ್ಲಿ ಬಿದಿರು ಕುಂಚ ಸರಸರ ಸರಸರ;
ಅವಸರವೆಲ್ಲ ಮಣಿಕಟ್ಟಿಗೆ, ಮುಖಕ್ಕಿಲ್ಲ.

ಮೊದಲು ಸಿಹಿ. ಭವಾನಿ ಪೇಠೆಯ ರಾಜ್ಮಾ
ರುಬ್ಬಿ ಸಕ್ಕರೆ ಕಲಸಿದ ಉಂಡೆ.
ಕಾಕಾ ಎರಡು ತಿಂದು ಮೂರನೆಯದನ್ನು ನೋಡಿದರು.

ಕುಡಿಯುವ ಮುನ್ನ ಪಕ್ಕದವರಿಗೆ ಬಾಗಿ ಹೇಳಬೇಕಂತೆ
‘ಓಸಾಕಿನಿ’:
ನಿಮಗಿಂತ ಮೊದಲು, ಕ್ಷಮಿಸಿ.
ನಿಹಾರ ನಗು ತಡೆದುಕೊಂಡು ನನ್ನತ್ತ ಬಾಗಿದ.
ನನ್ನ ಕಣ್ಣೆದುರೇ ಮೊದಲು ಹೋದವರು ಕೆಲವರಿದ್ದಾರೆ.
ಯಾರಿಗೂ ಹೇಳಲು ಪುರುಸೊತ್ತಿರಲಿಲ್ಲ.

ನನ್ನ ಸರದಿ.
ಮಂಡಿಯೂರಿ ಬಂದರು, ಅಂಗೈಯಲ್ಲಿ ಬಟ್ಟಲನ್ನು
ಒಮ್ಮೆ, ಇನ್ನೊಮ್ಮೆ ತಿರುಗಿಸಿ ಇಟ್ಟರು.
ಬಟ್ಟಲಿಗೂ ಮುಖವಿದೆ, ಅಂದರು,
ಇಗೋ, ಈ ಕಂದು ಹನಿ ಇಳಿದು ನಿಂತಲ್ಲಿ.
ಅದು ನಿಮ್ಮ ಕಡೆಗಿರಬೇಕು.

ನನ್ನ ಕಡೆಗೆ.

ಕೈ ಚಾಚಿದೆ. ಅದು ಕೊಡುವ ಕೈಯ ಹಾಗೇ ಚಾಚಿಕೊಂಡಿತ್ತು;
ಅಂಗೈ ಮೇಲಾಗಲು ಒಂದು ಗಳಿಗೆ ಹಿಡಿಯಿತು.
‘ಮೊದಲೇ ಎಲ್ಲೋ ಕಲಿತಿದ್ದೀರಿ ನೀವು,’ ಅಂದರು ತಾಯಿ.
ಇಲ್ಲ ಅಂದೆ. ಇದನ್ನು ಕಲಿತಿಲ್ಲ.

ಕಹಿ. ನೊರೆ. ಪಾಲಕ್ ಬೇಯಿಸಿದ ನೀರಿಗೆ
ದೂರದ ನೆಂಟ.
ಕೊನೆಯ ಗುಟುಕು ಸುರ್ರೆಂದು ಸದ್ದಾಗಬೇಕಂತೆ.
ಅದೊಂದು ಎಲ್ಲರಿಗೂ ಮೊದಲ ಸಲಕ್ಕೇ ಬಂತು,
ಬಸಿಯಲ್ಲಿ ಚಹಾ ಕುಡಿದು ಬೆಳೆದ ಮಂದಿ.

ಮುಗಿಯಿತು. ಒಂದೊಂದೇ ಒಳಗೊಯ್ಯುವಾಗ
ಅಭ್ಯಾಸಬಲ, ಎಣಿಸಿದೆ:
ವಸ್ತ್ರ ಒಂದು, ಚಮಚ ಒಂದು, ಕುಂಚ ಒಂದು, ಬಟ್ಟಲು ಐದು.
ಲೆಕ್ಕ ಸರಿ. ಒಳಗೇನೂ ಉಳಿದಿಲ್ಲ.

ಹಾಗಂದುಕೊಂಡು ಎದ್ದರೆ ಎರಡೂ ಕಾಲು ಜೋಮು.
ಶೇವಡೆ ಕಾಕಾ ಸ್ಟೂಲು ಬಿಟ್ಟು ಎದ್ದು
ಕೈ ಕೊಟ್ಟು ಎಬ್ಬಿಸಿದರು,
ಎಡಗಾಲ ಮೇಲೆ ಪೂರಾ ಭಾರ ಹಾಕಿ.

ನೋಡಿದೆ.
ಚೆನ್ನಾಗಿ ಕೂತಿದೆ.