ಇತರೆ

ಹುಮನಾಬಾದ್ ಬೇಸಿನ ಮೂಲೆಯಲ್ಲಿ
ಪ್ಲಾಸ್ಟಿಕ್ ಕುರ್ಚಿ, ತಲೆಗೆ ಒದ್ದೆ ಟವೆಲ್ಲು,
ತೊಡೆಯ ಮೇಲೆ ರಟ್ಟಿನ ಪ್ಯಾಡು.
ಮೂರು ದಿನದ ಕೆಲಸ, ದಿನಕ್ಕೆ ನಾನೂರೈವತ್ತು.
ಹೋದದ್ದಕ್ಕೆಲ್ಲ ಗೀಟು ಹಾಕುವುದು:
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.

ಬೈಕಿಗೊಂದು ಕಾಲಮ್ಮು, ಕಾರಿಗೊಂದು,
ಆಟೋಗೆ, ಟಂಟಂಗೆ, ಬಸ್ಸಿಗೆ,
ತೊಗರಿ ಹೇರಿದ ಲಾರಿಗೆ ಎರಡೆರಡು,
ಆರು ಗಾಲಿ ಬೇರೆ, ಹತ್ತು ಗಾಲಿ ಬೇರೆ.
ಸೈಕಲ್ಲಿಗೆ ಹುಡುಕಿದೆ. ಹಾಳೆ ತಿರುವಿದೆ.
ಕಡೆಗೆ ಅಂಚಿನಲ್ಲೊಂದು ಬೆರಳಗಲದ ಮನೆ:
ಇತರೆ.

'ಸೈಕಲ್ಲು, ತಳ್ಳೋ ಗಾಡಿ, ಎತ್ತಿನ ಬಂಡಿ,'
ಮಾಣಿಕರಾವ್ ಸರ್ ಅಂದರು,
'ಎಮ್ಮಿ ಬಂದ್ರ ಅದೂ ಅಲ್ಲೇ ಹಾಕ್ರಿ.
ಭಾಳ ತಲಿ ಕೆಡಿಸ್ಕೋಬ್ಯಾಡ್ರಿ.'

ಸರ್ಕಾರದ ಹೊಸ ನೀತಿ ಬರುತ್ತದಂತೆ.
ಅದರ ಕರಡಿನ ಮುಖಪುಟದಲ್ಲಿ
ಹೆಲ್ಮೆಟ್ ಹಾಕಿ ನಗುವ ಹುಡುಗಿ, ಹಿಂದೆ ಸಾಲು ಮರ.
ಅಂಥ ನೆರಳು ಕಲಬುರಗಿಯಲ್ಲಿ ಎಲ್ಲಿದೆಯೆಂದು
ನಾನೂ ಹುಡುಕಿದ್ದೇನೆ, ಬಿ.ಎಡ್. ಪರೀಕ್ಷೆಗೆ ಓಡುವಾಗ,
ಮೇ ತಿಂಗಳ ಮಧ್ಯಾಹ್ನ.

ಎಂಟಕ್ಕೆ ಎಣಿಕೆ ಶುರು, ರಾತ್ರಿ ಎಂಟಕ್ಕೆ ಬಂದ್.
ಅಷ್ಟರೊಳಗೆ ಪೇಪರ್ ಹುಡುಗರು ಮನೆ ಮುಟ್ಟಿರುತ್ತಾರೆ.
ಹಾಲಿನ ಕ್ಯಾನು ಖಾಲಿಯಾಗಿ
ಟಣಟಣ ಅನ್ನುತ್ತ ಮರಳಿರುತ್ತದೆ.
ದಾಲ್ ಮಿಲ್ಲಿನ ರಾತ್ರಿ ಪಾಳಿ
ರೆಪ್ಪೆಗೆಲ್ಲ ಬೇಳೆಯ ಹಳದಿ ಧೂಳು ಮೆತ್ತಿಕೊಂಡು
ದಾಟಿ ಹೋಗಿರುತ್ತದೆ.
ಅವರಿಗೆ ಇತರೆಯೂ ಇಲ್ಲ.

ಎರಡನೆಯ ದಿನ ಐದಕ್ಕೇ ಬಂದು ಕುಂತೆ.
ಯಾರೂ ಹೇಳಿರಲಿಲ್ಲ, ಕೂಲಿಯೂ ಇಲ್ಲ.
ಹಾಳೆಯ ಹಿಂಬದಿಗೆ ನನ್ನದೇ ಗೀಟು.

ಒಂದು, ಮೌಲಾಲಿ. ಫರ್ಸಿ ಹಾಸುವವನು,
ಬಾರಿಗೆ ಕಟ್ಟಿದ ಕರಣಿ, ತೂಗುಗುಂಡು.
ಹೆಸರು ನಾನು ಕೇಳಿದ್ದಲ್ಲ,
ಮಡ್‌ಗಾರ್ಡಿನ ಮೇಲೆ ಬರೆದಿತ್ತು.
ಒಂದು, ಮುದುಕ; ಕ್ಯಾರಿಯರಿನಲ್ಲಿ ಮುದುಕಿ,
ಅವಳ ಕೈಯಲ್ಲಿ ದವಾಖಾನೆಯ ಎಕ್ಸ್‌ರೇ
ಗಾಳಿಗೆ ಪಟಪಟ.
ಒಂದು, ಸೀಟು ಎಟುಕದೆ
ಬಾರಿನ ಕೆಳಗೆ ಕಾಲು ತೂರಿಸಿ ಕೈಂಚಿ ಹೊಡೆಯುವ ಪೋರ.
ಒಂದು, ಎಂಟನೇ ಕ್ಲಾಸಿಗೆ ಸರ್ಕಾರವೇ ಕೊಟ್ಟಿದ್ದು:
ಅಕ್ಕನಿಂದ ತಂಗಿಗೆ, ತಂಗಿಯಿಂದ
ಈಗ ಹೂ ಮಾರುವ ಅವ್ವನಿಗೆ.
ಬುಟ್ಟಿ ಉಳಿದಿದೆ, ಬೆಲ್ಲಿಲ್ಲ.
'ಬಾಜೂ ಸರೀರಿ, ಬಾಜೂ' ಅನ್ನುತ್ತಲೇ ಹೋದಳು.

ನನ್ನದೂ ಒಂದಿತ್ತು ಅಂಥದು.
ಪಂಚರಾದ ದಿನ ಊರ ತನಕ ತಳ್ಳಿದ್ದೇನೆ.
ಆಗ ಯಾರಾದರೂ ಎಣಿಸುತ್ತ ಕುಂತಿದ್ದರೆ
ಯಾವ ಮನೆಗೆ ಹಾಕುತ್ತಿದ್ದರೋ,
ನಡೆಯುವವಳೋ, ಸವಾರಳೋ.

ಎಂಟು ಹೊಡೆಯುವುದರೊಳಗೆ ನಾನೂರ ಹನ್ನೆರಡು.

ಸರ್ ಹಾಳೆ ತಿರುಗಿಸಿ ನೋಡಿದರು.
'ಖರೇನ ಇಷ್ಟು ಮಂದಿ ಹೋಗ್ತಾರೇನ್ರಿ?'
ಅವರಪ್ಪನೂ ಎಂಎಸ್‌ಕೆ ಮಿಲ್ಲಿಗೆ ಹೋಗುತ್ತಿದ್ದದ್ದು
ಸೈಕಲ್ಲಿನ ಮೇಲೇ ಅಂತೆ.
ಡೈನಮೋ ಗುಂಯ್ ಅಂದರೆ ಓಣಿಯ ತುದಿಯಿಂದಲೇ
ಅವ್ವ ಹಂಚು ಇಡುತ್ತಿದ್ದಳಂತೆ, ರೊಟ್ಟಿಗೆ.
ಚಶ್ಮಾ ಒರೆಸಿಕೊಂಡರು. ಆಮೇಲೆ
'ಕಂಪ್ಯೂಟರ್ ಎಂಟರಿಂದ ಎಂಟೇ ತಗೋತದ್ರಿ,
ಹಿಂಬದಿ ತಗೊಳ್ಳಂಗಿಲ್ಲ.'

ದೀಪಾವಳಿಯ ಹೊತ್ತಿಗೆ ರಿಂಗ್ ರೋಡಿನ ಅಂಚಿಗೆ
ಹಸಿರು ಬಣ್ಣ ಬಳಿದರು.
ನಡುವೆ ಬಿಳಿ ಸೈಕಲ್ಲಿನ ಚಿತ್ರ, ಹ್ಯಾಂಡಲ್ಲು ತುಸು ಡೊಂಕು.
ಅದರ ಮೇಲೀಗ ಎರಡು ಕಾರು, ಒಂದು ಪಾನ್ ಡಬ್ಬಿ.
ಮೌಲಾಲಿ, ಅವನೇ ಇರಬೇಕು,
ಅದನ್ನು ಬಳಸಿ ಲಾರಿಗಳ ನಡುವೆ ಹೋಗುತ್ತಾನೆ.

ನನಗೆ ಎಣಿಸುವ ಚಟ ಹೋಗಿಲ್ಲ.
ನಸುಕಿನಲ್ಲಿ ಹಾಸಿಗೆಯಲ್ಲೇ ಕಿವಿ ನಿಗುರುತ್ತದೆ:
ಕಿರ್‌ ಕಿರ್‌, ಎಣ್ಣೆ ಕಾಣದ ಚೈನು, ಒಂದು.
ಇನ್ನೊಂದು.
ಎಣ್ಣೆ ಬಿಟ್ಟುಕೊಂಡವರು ಸಪ್ಪಳವಿಲ್ಲದೆ ಹೋಗುತ್ತಾರೆ.
ಹಾಗಾಗಿ ನನ್ನ ಲೆಕ್ಕವೂ
ಕಮ್ಮಿಯೇ.