ಬುಧವಾರ

ಅಪ್ಪನ ಮಗ್ಗ ಆ ದಿನವೂ ನಿಲ್ಲಲಿಲ್ಲ.
ಐವತ್ತೇಳರ ಡಿಸೆಂಬರ್ ಇಪ್ಪತ್ತೈದು, ಲೂಯಿಸ್ ದ್ವೀಪ.
ಗಾಳಿಗೆ ತಗಡಿನ ಮಾಡು ಹಲ್ಲು ಕಡಿಯುತ್ತಿತ್ತು,
ಅಂಚೆಯವನು ಎಂದಿನಂತೆ ಬಂದ, ಎಂದಿನಂತೆ ತೊಯ್ದು.
'ಇವತ್ತೇನು ವಿಶೇಷ?' ಅಂದೆ.
ಪೆಡಲು ತುಳಿಯುತ್ತಲೇ ಅಪ್ಪ ಅಂದ:
'ಬುಧವಾರ.'

ಅಪ್ಪನೆಂದರೆ ಟಾರ್ಕಿಲ್, ನಮ್ಮ ಸಭೆಯಲ್ಲಿ
ವಾದ್ಯವಿಲ್ಲದೆ ಕೀರ್ತನೆಯ ಮೊದಲ ಸಾಲು ಎತ್ತಿಕೊಡುವವನು.
ಶಿಲುಬೆಯೂ ಇಲ್ಲದ ಬಿಳಿ ಗೋಡೆ ನಮ್ಮದು.
ಅವನ ಬೈಬಲಿನಲ್ಲಿ ತೇದಿ ಹುಡುಕಿ ಹುಡುಕಿ
ಪುಟದ ಮೂಲೆಗಳು ಕರಗಿಹೋಗಿದ್ದವು.
'ಎಲ್ಲಿದೆ ತೋರಿಸು. ಕುರಿಗಾಹಿಗಳು ಬಯಲಲ್ಲಿದ್ದರಂತೆ,
ಇಂಥ ಚಳಿಯಲ್ಲಿ ಕುರಿಯನ್ನು ಯಾವ ಮೂರ್ಖ ಬಯಲಿಗಟ್ಟುತ್ತಾನೆ?
ರೋಮಿನವರು ತಮ್ಮ ಸೂರ್ಯನಿಗೆ ಇಟ್ಟಿದ್ದ ಎಡೆ,
ಅದಕ್ಕೆ ನಮ್ಮವನ ಹೆಸರು ಬರೆದರೆ ಆಯಿತೇ?'

ಮಧ್ಯಾಹ್ನ ಊನಾ ಬಂದಳು,
ತೆಂಕಣ ದ್ವೀಪದವಳು, ಕತೋಲಿಕಳು,
ನಮ್ಮೂರಿನ ಹೆರಿಗೆಗಳ ನರ್ಸು.
ಸೆರಗಿಲ್ಲದ ಕೋಟಿನೊಳಗೆ ಬೆಚ್ಚಗೆ ಮುಚ್ಚಿಟ್ಟ
ಶಾಜೀರಿಗೆಯ ಓಟ್ಸ್ ರೊಟ್ಟಿ.
ಅಪ್ಪ ಮುರಿದು ತಿಂದ. 'ಬುಧವಾರದ ರೊಟ್ಟಿ,
ಚೆನ್ನಾಗಿದೆ' ಅಂದ.

ಅವಳು ನಕ್ಕಳು, ಜಗಳಕ್ಕೆ ಕುರ್ಚಿ ಎಳೆದುಕೊಂಡಳು.
'ಟಾರ್ಕಿಲ್, ನಮ್ಮ ಗೇಲಿಕಿನಲ್ಲಿ ಬುಧವಾರಕ್ಕೆ
ಮೊದಲ ಉಪವಾಸ ಅಂತಲೇ ಅಲ್ಲವೇ ಹೆಸರು?
ಗುರುವಾರವೆಂದರೆ ಎರಡು ಉಪವಾಸಗಳ ನಡುವಿನದು,
ಶುಕ್ರವಾರವೆಂದರೆ ಉಪವಾಸವೇ.
ಹಸಿದವರು ಯಾರು? ನಮ್ಮ ಸನ್ಯಾಸಿಗಳು.
ನೀನು ಹೊಟ್ಟೆ ತುಂಬ ತಿಂದು
ವಾರಕ್ಕೆ ಮೂರು ಸಲ ಅವರ ಹಸಿವನ್ನು ಉಚ್ಚರಿಸುತ್ತೀ.'

ಮಗ್ಗ ನಿಂತಿತು. ಆ ಮೌನ ನನಗೆ ಹೊಸದು,
ಕಿವಿಗೆ ನೀರು ಹೊಕ್ಕಂತೆ.
'ಮಾತನ್ನು ನಾನು ಕಟ್ಟಿದ್ದಲ್ಲ' ಅಂದ ಕೊನೆಗೆ,
'ಹುಟ್ಟಿದಾಗಲೇ ಬಾಯೊಳಗಿತ್ತು.
ಬಿಟ್ಟರೆ ಮೂಕನಾಗುತ್ತೇನೆ. ಹಬ್ಬ ಬಿಟ್ಟರೆ
ನನಗೇನೂ ಕಡಿಮೆಯಾಗದು.
ಒಂದು ದಿನವನ್ನು ಎತ್ತಿ ತೊಡೆಯ ಮೇಲೆ ಕೂರಿಸಿದರೆ
ಉಳಿದವು ಮಲಮಕ್ಕಳಾಗುತ್ತವೆ, ಊನಾ.'
ಅವಳಿಗೆ ಉತ್ತರ ಹೊಳೆಯಲಿಲ್ಲವೋ,
ಹೊಳೆದರೂ ರೊಟ್ಟಿಯ ಜೊತೆ ನುಂಗಿದಳೋ.
ಮಗ್ಗ ಮತ್ತೆ ಶುರುವಾಯಿತು. ಹಾಸು, ಹೊಕ್ಕು.

ನಾನು ಹೇಳಬೇಕಾದದ್ದು ಇದಲ್ಲ.

ಮರುಬೆಳಗ್ಗೆ ಅಣ್ಣ ಇವಾಂಡರ್ ದೋಣಿಗೆ ಹೊರಡಬೇಕು.
ರಾತ್ರಿ ಎಲ್ಲ ಮಲಗಿದ ಮೇಲೆ, ದೀಪ ಸಣ್ಣಗೆ ಮಾಡಿ
ಅಪ್ಪ ಅವನ ಚೀಲ ಬಿಚ್ಚಿದ.
ನಾನೂ ಊನಾಳೂ ಒಲೆಯ ಬಳಿ,
ಪಕ್ಕದ ಮನೆಯ ಹೆರಿಗೆಗೆ ಕಾಯುತ್ತಿದ್ದವರು,
ಅವನಿಗೆ ಕಾಣದಂತೆ ಕೂತಿದ್ದೆವು.
ಒಂದೊಂದೇ ಕಾಲುಚೀಲ ಬೆಳಕಿಗೆ ಹಿಡಿದು ನೋಡಿದ.
ಬಂಡೆಯಿಂದ ಕೆರೆದ ಕಲ್ಲುಹೂವಲ್ಲಿ ಅದ್ದಿದ
ಕೆಂಗಂದು ಜೋಡಿಯೊಂದನ್ನು ತೆಗೆದು
ತನ್ನ ಅಂಗಿಯೊಳಗೆ ತುರುಕಿಕೊಂಡ.
ಬಂಡೆಯ ಬಣ್ಣ ಬಂಡೆಗೇ ಮರಳುತ್ತದಂತೆ,
ತೊಟ್ಟವನನ್ನೂ ತಳಕ್ಕೆ ಎಳೆದುಕೊಂಡು.
ಇದು ಯಾವ ಅಧ್ಯಾಯ, ಯಾವ ವಚನ?
ರೋಮಿಗಿಂತ ಹಳೆಯದು, ಉಪ್ಪಿನಷ್ಟು ಹಳೆಯದು.

ಊನಾ ನನ್ನ ಕೈ ಒತ್ತಿದಳು, ಬೇಡ ಎಂಬಂತೆ.
ಗೆದ್ದ ವಾದವನ್ನು ಅಷ್ಟು ಮೆಲ್ಲಗೆ ಕೆಳಗಿಟ್ಟವರನ್ನು
ಆಮೇಲೆ ನಾನು ಕಂಡಿಲ್ಲ.

ಈಗ ಸಭಾಂಗಣಕ್ಕೆ ಹೊಸ ಪಾದ್ರಿ ಮರ ತಂದಿದ್ದಾನೆ,
ಅರ್ಧ ಸಭೆ ಎದ್ದು ಹೊರನಡೆದಿದೆ.
'ಅಜ್ಜಿ, ನೀನು ಯಾವ ಕಡೆ?' ಮೊಮ್ಮಗಳು ಕೇಳುತ್ತಾಳೆ.
ಆ ಕಾಲುಚೀಲಗಳು ನನ್ನ ಪೆಟ್ಟಿಗೆಯಲ್ಲಿವೆ,
ಒಮ್ಮೆಯೂ ಕಡಲು ಕಾಣದವು.
ಅಣ್ಣ ಎಂಬತ್ತೆರಡಕ್ಕೆ ಹಾಸಿಗೆಯಲ್ಲಿ ಸತ್ತ.
ತೆಗೆದು ಅವಳ ಕಾಲಿಗೆ ಹಾಕುತ್ತೇನೆ,
ದೊಡ್ಡವು, ಹಿಮ್ಮಡಿಯ ಹತ್ತಿರ ನುಸಿ ತಿಂದವು.
ನೆಲ ತಣ್ಣಗಿದೆ.