ಅರ್ಧ ಕಟ್ಟಿದ ಪಾಲು

ಹೆಪ್ಸಿ ಅತ್ತೆಯ ಬಿಸ್ಕತ್ತಿನ ಡಬ್ಬಿಯಲ್ಲಿ,
ಒಂಟಿ ಗುಂಡಿಗಳ ಕೆಳಗೆ, ಎಂಟು ಮಡಿಕೆ ಬಿದ್ದ ಕಾಗದ.
ಮೇಲೆ ಗಿರಣಿಯ ಚಿತ್ರ. ಚಿಮಣಿಯ ಹೊಗೆಯನ್ನೂ ಬಿಡದೆ
ಕೆತ್ತಿದ್ದಾನೆ ಯಾವನೋ ಪುಣ್ಯಾತ್ಮ.
'ಆಮೋಸ್ ಕರ್ಷಾ, ನೂಲುವವನು, ಓಲ್ಡಮ್,
ನಲವತ್ತು ಪಾಲಿಗೆ ಒಡೆಯ.'

ಒಡೆಯ!
ಮುತ್ತಜ್ಜನನ್ನು ಯಾರೂ ಹಾಗೆ ಅಂದದ್ದು ಕೇಳಿಲ್ಲ.

ತಮ್ಮ ನೆವಿಲ್ ಆಗಲೇ ಲೆಕ್ಕಕ್ಕೆ ಕೂತ:
ನೂರು ವರ್ಷದ ಬಡ್ಡಿ, ಬಡ್ಡಿಗೆ ಬಡ್ಡಿ,
ಅವನ ವ್ಯಾನಿಗೆ ಹೊಸ ಗೇರ್‌ಬಾಕ್ಸು, ನನ್ನ ಮಂಡಿಗೆ ಖಾಸಗಿ ಡಾಕ್ಟರು,
ಉಳಿದದ್ದರಲ್ಲಿ ಸ್ಪೇನಿನ ಬಿಸಿಲು, ಹದಿನೈದು ದಿನ.
ಚಹಾ ಆರುವಷ್ಟರಲ್ಲಿ ಎಲ್ಲ ಖರ್ಚಾಗಿಹೋಗಿತ್ತು.

ದಾಖಲೆ ಕೋಣೆಯ ತಸ್ನೀಮ್ ಅದನ್ನು ಬೆಳಕಿಗೆ ಹಿಡಿದಳು.
"ನಮ್ಮ ತಾತನೂ ಇದೇ ಗಿರಣಿ, ರಾತ್ರಿ ಪಾಳಿ.
ಕಿವಿ ಅಲ್ಲೇ ಬಿಟ್ಟುಬಂದ."
ಆಮೇಲೆ ಬೆರಳಿಟ್ಟು ತೋರಿಸಿದಳು
ಇರುವೆ ಹರಿದಂಥ ಒಂದು ಸಾಲು:
ಪಾಲೊಂದಕ್ಕೆ ಐದು ಪೌಂಡು. ಕಟ್ಟಿದ್ದು ಎರಡೂವರೆ.
ಮಿಕ್ಕಿದ್ದು, ಕಂಪನಿ ಕರೆದಾಗ.

ಕರೆದಿತ್ತು.
ಇಪ್ಪತ್ತಾರರಲ್ಲಿ ಒಮ್ಮೆ, ಇಪ್ಪತ್ತೇಳರಲ್ಲಿ ಎರಡು ಸಲ.
ನೂಲಿನ ಬೆಲೆ ನೆಲ ಕಚ್ಚಿ, ಬ್ಯಾಂಕಿನವರು ಬಾಗಿಲಲ್ಲಿ ಕೂತು,
ಗಿರಣಿ ಕೂಗಿತು. ಆಮೋಸ್ ಓಗೊಟ್ಟ.
ಕರೆ ಎಂದರೆ ಕೂಗು.
ಕರೆ ಎಂದರೆ, ಎಷ್ಟು ಒಗೆದರೂ ಬಟ್ಟೆ ಬಿಡದ್ದು.

ರಿಜಿಸ್ಟರಿನಲ್ಲಿ ಅವನ ಹೆಸರಿನ ಎದುರು
ಇಪ್ಪತ್ತು ಪೌಂಡು ಸಂದಾಯ. ಮತ್ತೆ ಇಪ್ಪತ್ತು.
ಕಡೆಗೆ ಹನ್ನೊಂದು ಪೌಂಡು, ನಾಲ್ಕು ಷಿಲಿಂಗು:
ಯಾವ ಕರೆಗೂ ಹೊಂದದ ಮೊತ್ತ,
ಏನನ್ನೋ ಮಾರಿ ಬಂದ ಮೊತ್ತ.
ಅದರ ಕೆಳಗೆ ಕೆಂಪು ಶಾಯಿ. ಪಾಲು ಮುಟ್ಟುಗೋಲು.

"ಹಾಗಾದರೆ ನಾವು ಇನ್ನೂ ಬಾಕಿಯೇ?"
ನೆವಿಲ್‌ನ ದನಿ ಉಡುಗಿತ್ತು.
ತಸ್ನೀಮ್ ನಕ್ಕಳು. "ಕೇಳೋ ಕಂಪನಿಯೇ ಇಲ್ಲವಲ್ಲ.
ಬರೋದೂ ಇಲ್ಲ, ಕೊಡೋದೂ ಇಲ್ಲ.
ಚೌಕಟ್ಟು ಹಾಕಿಸಿ. ಚಿತ್ರ ಚೆನ್ನಾಗಿದೆ."

ಬಸ್ಸಿನಲ್ಲಿ ಅಮ್ಮನ ಮಾತು ಕಿವಿಗೆ ಬಂತು, ಪ್ರತಿ ಈಸ್ಟರಿನ ಮಾತು:
'ನಿಮ್ಮ ಮುತ್ತಜ್ಜ ಧರ್ಮಾತ್ಮ ಕಣ್ರೇ,
ಮನೆಯ ಪಿಯಾನೋ ಎತ್ತಿ ಚಾಪೆಲ್ಲಿಗೆ ಕೊಟ್ಟ.'
ಆ ಚಾಪೆಲ್ಲಿನಲ್ಲಿ ಎಂಟು ವರ್ಷ ಹಾಡಿದ್ದೇನೆ.
ಅಲ್ಲಿದ್ದದ್ದು ಹಾರ್ಮೋನಿಯಂ.

ಸಂಜೆ ಹೆಪ್ಸಿ ಅತ್ತೆಯ ಮುಂಕೋಣೆ. ಕಿಟಕಿ ಪಕ್ಕದ ಗೋಡೆ.
ತೇವ, ತೇವ ಎಂದು ಮೂರು ತಲೆಮಾರು
ಅಲ್ಲಿ ಒಂದು ಕುರ್ಚಿಯನ್ನೂ ಇಟ್ಟಿಲ್ಲ.
ಅಂಗೈ ಒತ್ತಿದೆ. ಬೆಂಕಿಪೊಟ್ಟಣದಷ್ಟು ಒಣಗಿತ್ತು.
ಜಮಖಾನೆ ಸುತ್ತಿದೆ. ಹಲಗೆಯಲ್ಲಿ
ನಾಲ್ಕು ಗುಳಿ.
ಒಂದೊಂದರಲ್ಲೂ ಒಂದು ಬೆರಳ ತುದಿ ಹಿಡಿಸುತ್ತದೆ.

ನೆವಿಲ್ ಬಾಗಿಲಿಗೆ ಒರಗಿ, "ಏನೇ ಹುಡುಕ್ತಿದ್ದೀಯ?"

"ಹನ್ನೊಂದು ಪೌಂಡು," ಎಂದೆ. "ನಾಲ್ಕು ಷಿಲಿಂಗು."